ಮರದ ರೆಕ್ಕೆಯ ಪರೀಕ್ಷೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಎರೆಯ ನಾಡಿನಲ್ಲಿ ಬೇಸಗೆಯ ಹೊತ್ತಿಗೆ ಬಂಡಿ ಹೂಡುವ ಒಕ್ಕಲಿಗನು ಎತ್ತುಗಳಿಗಿಂತ ಮೊದಲು ಗಾಲಿಗಳನ್ನು ನೋಡುವನು. ಬಿಸಿಲಿಗೆ ಮರವು ಕುಗ್ಗಿತೆಂದರೆ ಅರಗಳು ಅಲುಗಾಡುವುವು, ಸುತ್ತಿನ ಕಬ್ಬಿಣದ ಪಟ್ಟಿ ಸಡಿಲುವುದು. ಮಳೆ ಬಿದ್ದೊಡನೆ ಅದೇ ಮರವು ಉಬ್ಬುವುದು. ಕಡಿದು ಕೆತ್ತಿದ ಮೇಲೂ ಮರವು ತೇವವನ್ನು ಹೀರುವುದನ್ನಾಗಲಿ ಬಿಡುವುದನ್ನಾಗಲಿ ನಿಲ್ಲಿಸುವುದಿಲ್ಲ. ಬಂಡಿಯ ಈ ನೀತಿಯೇ ವಿಮಾನಕ್ಕೂ ಸಲ್ಲುತ್ತದೆ. ಆದರೆ ದಾರಿಯಲ್ಲಿ ಗಾಲಿ ಕಳಚಿದರೆ ಬಂಡಿ ನಿಂತೀತು, ಆಕಾಶದಲ್ಲಿ ರೆಕ್ಕೆ ಕಳಚಿದರೆ ನಿಲ್ಲುವುದಕ್ಕೆ ಸ್ಥಳವಿಲ್ಲ.

ಎರಡನೆಯ ಮಹಾಯುದ್ಧದಲ್ಲಿ ಲೋಹದ ಅಭಾವವನ್ನು ಮುಂಗಂಡು ಇಂಗ್ಲೆಂಡಿನವರು ಮಾಸ್ಕಿಟೊ ಎಂಬ ಮರದ ವಿಮಾನವನ್ನು ರಚಿಸಿದರು. ಅದು 1940ರ ನವೆಂಬರಿನಲ್ಲಿ ಮೊದಲು ಹಾರಿತು. ಬರ್ಚ್ ಮರದ ತೆಳು ಹಲಗೆಗಳ ನಡುವೆ ಹಗುರವಾದ ಬಾಲ್ಸಾ ಮರವನ್ನಿಟ್ಟು ಅಂಟಿಸಿ ಅದರ ಒಡಲನ್ನು ಮಾಡಿದ್ದರು. ಮೊದಮೊದಲು ಬಳಸಿದ ಅಂಟು ಹಾಲಿನ ಕೇಸೀನಿನದು; ಮುಂದೆ ರಾಸಾಯನಿಕ ಅಂಟು ಬಂದಿತು. 1944ರಲ್ಲಿ ಈ ವಿಮಾನಗಳು ನಮ್ಮ ಯಲಹಂಕ, ಕೋಲಾರಗಳ ವಿಮಾನ ನೆಲೆಗಳಿಗೂ ಬಂದವು.

ಅದೇ ವರ್ಷ ಪೂರ್ವ ರಣರಂಗದಲ್ಲಿ ಕೆಲವು ಮಾಸ್ಕಿಟೊಗಳು ಹಾರುತ್ತಿರುವಾಗಲೇ ಮುರಿದು ಬಿದ್ದು ವೈಮಾನಿಕರು ಮಡಿದರು. ನವೆಂಬರಿನಲ್ಲಿ ಹಾರಾಟವನ್ನು ತಡೆದು ರೆಕ್ಕೆಗಳನ್ನು ಪರೀಕ್ಷಿಸಲಾಯಿತು. ಅಂಟೇ ಕೆಟ್ಟಿತೆಂದು ಮೊದಲು ಸಂದೇಹಪಟ್ಟರು. ಡಿಸೆಂಬರಿನ ಒಂದು ವರದಿಯು ಅಂಟನ್ನು ಬಿಟ್ಟು ಮಳೆಗಾಲದ ಹವೆಯನ್ನೂ ಮರದ ಕುಗ್ಗುವಿಕೆಯನ್ನೂ ದೂರಿತು. ಅನಂತರದ ವಿಚಾರಣೆಯಲ್ಲಿಯೋ ತಯಾರಿಕೆಯ ಕಾಲದ ಜೋಡಣೆಯಲ್ಲೇ ದೋಷವಿದ್ದುದು ಹೊರಬಿದ್ದಿತು. ಬೆಸುಗೆಯ ಸಾಲಿನ ಮೇಲೆ ರೆಕ್ಕೆಯುದ್ದಕ್ಕೂ ಹಲಗೆಯ ಪಟ್ಟಿಯನ್ನು ಅಂಟಿಸಿ ನೀರಿನ ದಾರಿಯನ್ನು ಮುಚ್ಚಿದರು. ನಮ್ಮ ದೇಶದ ಹವೆಯೊಂದೇ ಅಪರಾಧಿಯೆಂದು ತೀರ್ಪು ಕೊಟ್ಟು ಕುಳಿತಿದ್ದರೆ ಕೈಗೆಲಸದ ತಪ್ಪು ಹಾಗೆಯೇ ಉಳಿದು, ಇನ್ನೆಷ್ಟು ತರುಣರು ಪ್ರಾಣ ತೆರಬೇಕಾಗುತ್ತಿತ್ತೋ!

ಹಾಗಾದರೆ ಒಳಗಿನ ದೋಷವನ್ನು ಹೊರಗಿನಿಂದ ಅರಿಯುವುದು ಹೇಗೆ? ಪರೀಕ್ಷಕನು ಹಲಗೆಯನ್ನು ಮೆಲ್ಲಗೆ ಬಡಿದು ಕಿವಿಗೊಡುವನು. ಗಟ್ಟಿ ಮರದ ದನಿ ಸ್ಪಷ್ಟ, ಅಂಟು ಬಿಟ್ಟ ಎಡೆಯ ದನಿ ಮಂಕು. ಸಂದೇಹವಿದ್ದೆಡೆ ಮೊನೆಯಿಂದ ಒತ್ತಿ ಮೆತುವನ್ನು ನೋಡುವನು. ನೀರು ಬಸಿಯುವ ತೂತುಗಳು ಮುಚ್ಚಿವೆಯೇ, ವಾರ್ನಿಷು ಬಿರಿದಿದೆಯೇ, ಲೋಹದ ಬೋಲ್ಟುಗಳ ಸುತ್ತ ಮರವು ಕಪ್ಪಾಗಿದೆಯೇ ಎಂದು ವಿಚಾರಿಸುವನು. ಮುರಿದ ತೊಲೆಯನ್ನು ಮೊಳೆ ಹೊಡೆದು ಸೇರಿಸುವಂತಿಲ್ಲ. ಒಂದು ಅಂಗುಲ ದಪ್ಪಕ್ಕೆ ಹತ್ತು ಹನ್ನೆರಡು ಅಂಗುಲ ಉದ್ದದ ಓರೆಯನ್ನು ಎರಡು ತುಂಡುಗಳಲ್ಲಿಯೂ ಕೆತ್ತಿ, ಅಂಟು ಹಚ್ಚಿ, ಸಮನಾಗಿ ಬಿಗಿದು ಒಣಗಲು ಬಿಡಬೇಕು.

ಯುದ್ಧ ಮುಗಿದ ಮೇಲೂ ಈ ವಿದ್ಯೆಯು ನಿರುಪಯೋಗಿಯಾಗಲಿಲ್ಲ. 1940ರಲ್ಲಿ ಮೈಸೂರು ಸಂಸ್ಥಾನದ ಬೆಂಬಲದಿಂದ ವಾಲ್‌ಚಂದ್ ಹೀರಾಚಂದರು ಬೆಂಗಳೂರಿನಲ್ಲಿ ಸ್ಥಾಪಿಸಿದ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯು 1950ರ ದಶಕದಲ್ಲಿ ವ್ಯಾಂಪೈರ್ ಎಂಬ ಜೆಟ್ ವಿಮಾನಗಳನ್ನು ಕಟ್ಟಿತು. ಆ ಜೆಟ್ಟಿನ ವೈಮಾನಿಕನು ಕೂರುವ ಮುಂಭಾಗವು ಮಾಸ್ಕಿಟೊವಿನಂತೆಯೇ ಹಲಗೆ ಬಾಲ್ಸಾಗಳದು!

ಯಂತ್ರ ಎಷ್ಟೇ ಹೊಸದಾಗಲಿ, ಅದನ್ನು ಕಾಯುವುದು ಬಡಿದು ಕೇಳುವ ಕಿವಿ ಮತ್ತು ಕಂಡುದನ್ನು ಮರೆಮಾಚದ ಮನಸ್ಸು. ಬಾಗೇವಾಡಿಯ ಒಕ್ಕಲಿಗನು ಗಾಲಿಯ ಮುಂದೆ ಕುಕ್ಕರಿಸುವಾಗ ಮಾಡುವುದೂ ಇದನ್ನೇ ಅಲ್ಲವೇ?