ಲಕ್ವಾ

ಲಕ್ವಾ (ನಾಮಪದ): ಪಾರ್ಶ್ವವಾಯು, ಮೈಯ ಒಂದು ಮಗ್ಗುಲು ಸ್ವಾಧೀನ ತಪ್ಪುವುದು.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆ 'ಪಾರ್ಶ್ವವಾಯು' ಪುಸ್ತಕದ ಮಾತು. ಮನೆಯಲ್ಲಿ 'ಮುತ್ಯಾಗ ಲಕ್ವಾ ಹೊಡದದ' ಎಂದೇ ಹೇಳುವುದು. ಮೂಲ ಅರಬ್ಬಿ, ಬಂದ ದಾರಿ ಉರ್ದು. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಸೀಮೆಗೆ ಇಂಥ ಪದಗಳು ಹೊಸವಲ್ಲ. ಅರಬ್ಬಿಯಲ್ಲಿ ಇದು ಮುಖ ಸೊಟ್ಟಗಾಗುವ ರೋಗದ ಹೆಸರು. ಅರ್ಧ ಮೈ ಬಿದ್ದುಹೋದರೆ ಅದಕ್ಕೆ 'ಫಾಲಿಜ್' ಎಂಬ ಬೇರೆ ಪದವಿದೆ. ಆಯುರ್ವೇದವೂ ಅರ್ದಿತ, ಪಕ್ಷಾಘಾತ ಎಂದು ಎರಡಾಗಿಯೇ ನೋಡುತ್ತದೆ. ಇಲ್ಲಿಯ ಆಡುಮಾತಿನಲ್ಲಿ ಎರಡೂ ಲಕ್ವಾ.

ಸೋಲುವುದು ಕೈಕಾಲಾದರೂ ಹೊಡೆತ ಬೀಳುವುದು ಮಿದುಳಿಗೆ. ರಕ್ತನಾಳ ಕಟ್ಟಿಯೋ ಒಡೆದೋ ಮಿದುಳಿನ ಎಡಭಾಗ ಕೆಟ್ಟರೆ ಬಲಗೈ ಬಲಗಾಲು ಸೋಲುತ್ತವೆ. ಉಳಿದ ನರಕೋಶಗಳು ಹೊಸ ಸಂಪರ್ಕ ಬೆಳೆಸಿ ಕಳೆದ ಕೆಲಸವನ್ನು ಒಂದಿಷ್ಟು ಕಲಿಯಬಲ್ಲವು. ಅದಕ್ಕೆ ಸೋತ ಕೈಯಿಂದಲೇ ಲೋಟ ಹಿಡಿಯುವ, ಅಂಗಿಯ ಗುಂಡಿ ಹಾಕುವ ಅಭ್ಯಾಸ ದಿನವೂ ನಡೆಯಬೇಕು. ಮೊದಲ 3 ತಿಂಗಳಲ್ಲಿ ಚೇತರಿಕೆ ಚುರುಕು, ಆಮೇಲೂ ನಿಲ್ಲುವುದಿಲ್ಲ.

ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ನಾಟಿಮದ್ದಿಗೆ ಅಲೆಯದೆ 108ಕ್ಕೆ ಕರೆ ಮಾಡಿ. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೇ ಗಡುವು.