ಚಪ್ಪರ, ದೀಪ ಮತ್ತು ನೆರೆಹೊರೆ: ಸಾರ್ವಜನಿಕ ಗಣೇಶೋತ್ಸವದ ತಕರಾರುಗಳ ಚರಿತ್ರೆ

ಸಾರ್ವಜನಿಕ ಗಣೇಶೋತ್ಸವವನ್ನು ರಾಷ್ಟ್ರೀಯ ಚಳವಳಿಯ ಒಂದು ಅಧ್ಯಾಯವೆಂದು ಪರಿಗಣಿಸುವುದು ಕನ್ನಡದ ಚರಿತ್ರೆ ಬರವಣಿಗೆಯಲ್ಲಿ ರೂಢಿಯಾಗಿದೆ. ಈ ದೃಷ್ಟಿ ತಪ್ಪಲ್ಲವಾದರೂ ಅಪೂರ್ಣವಾದುದು. ಉತ್ಸವವು ಮನೆಯ ನಡುಮನೆಯಿಂದ ಬೀದಿಗೆ ಬಂದಾಗ ಅದರೊಡನೆ ಬೇರೊಂದು ಪ್ರಶ್ನೆಯೂ ಬೀದಿಗೆ ಬಂದಿತು. ಬೀದಿ ಯಾರದು, ಅಲ್ಲಿ ಚಪ್ಪರ ಹಾಕುವವರು ಯಾರನ್ನು ಕೇಳಬೇಕು, ಎದುರು ಮನೆಯವನ ಒಪ್ಪಿಗೆಗೆ ಬೆಲೆಯುಂಟೇ ಎಂಬುದೇ ಆ ಪ್ರಶ್ನೆ.

ಉತ್ತರ ಕನ್ನಡದ ಘಟ್ಟದ ಮೇಲಣ ಹಳ್ಳಿಗಳಲ್ಲಿ ಈ ಪ್ರಶ್ನೆ ಬಹುಕಾಲ ಎದ್ದಿರಲಿಲ್ಲ. ಕುಂಬಾರವಾಡವೂ ಸೇರಿ ಜೋಯಿಡಾ ಸೀಮೆಯಲ್ಲಿ ಚೌತಿಯು ಮೂಲತಃ ಮನೆಯ ಹಬ್ಬ. ಮಣ್ಣಿನ ಮೂರ್ತಿಯ ಮೇಲೆ ಕಾಡಿನ ಕಾಯಿಹಣ್ಣುಗಳನ್ನು ಕಟ್ಟುವ ಫಲಾವಳಿಯೇ (ಕೊಂಕಣಿ ಮಾತಿನಲ್ಲಿ ಮಾಟೋಳಿ) ಅಲ್ಲಿನ ಶೃಂಗಾರ. ಎಣ್ಣೆಯ ದೀಪ, ತಪ್ಪಿದರೆ ಕಂದೀಲು, ಅಲ್ಲಿನ ಬೆಳಕು. ಈ ಶೃಂಗಾರವನ್ನು ನೋಡಲು ನೆರೆಯವರು ಹೊಸಿಲು ದಾಟಿ ಒಳಗೆ ಬರಬೇಕು. ಅವರು ಅತಿಥಿಗಳು, ಆದುದರಿಂದ ಆಕ್ಷೇಪಿಸುವವರಾಗುವುದಿಲ್ಲ. ಬೀದಿಯ ಮಂಟಪದಲ್ಲಿ ಈ ಸಂಬಂಧವೇ ತಿರುವುಮುರುವಾಗುತ್ತದೆ. ಅಲ್ಲಿ ಶೃಂಗಾರವೂ ಬೆಳಕೂ ನೆರೆಯವರ ಮನೆಯೊಳಕ್ಕೆ ತಾವಾಗಿಯೇ ಹೋಗುತ್ತವೆ.

1862ರಲ್ಲಿ ಉತ್ತರ ಕನ್ನಡವು ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿದುದರಿಂದ, ಧಾರವಾಡ, ಬೆಳಗಾವಿಗಳಂತೆ ಅದೂ ಪುಣೆಯ ಸಾರ್ವಜನಿಕ ಬದುಕಿನ ಪ್ರಭಾವವಲಯದೊಳಗೆ ಬಂದಿತು. 1893-94ರಲ್ಲಿ ಬಾಲಗಂಗಾಧರ ತಿಲಕರ ಬೆಂಬಲದಿಂದ ಅಲ್ಲಿ ಗಣೇಶೋತ್ಸವ ಸಾರ್ವಜನಿಕ ರೂಪವನ್ನು ಗಟ್ಟಿಗೊಳಿಸಿಕೊಂಡಿತು. (ಮೊದಲಿಗರು ಯಾರೆಂಬ ವಾದ ಪುಣೆಯಲ್ಲಿ ಇನ್ನೂ ಮುಗಿದಿಲ್ಲ.) 1893ರ ಆಗಸ್ಟಿನಲ್ಲಿ ಮುಂಬಯಿಯಲ್ಲಿ ಹಿಂದೂ-ಮುಸ್ಲಿಂ ಗಲಭೆ ನಡೆದಿದ್ದ ಹಿನ್ನೆಲೆಯನ್ನು ಮರೆಯುವಂತಿಲ್ಲ. ಬೀದಿಯ ಗಣಪತಿ ಹುಟ್ಟಿದ ಗಳಿಗೆಯಲ್ಲಿಯೇ ನೆರೆಹೊರೆಯ ಬಿರುಕು ಕಾಣಿಸಿಕೊಂಡಿತ್ತು.

ಈ ಬಿರುಕಿನ ಅತ್ಯಂತ ಸ್ಪಷ್ಟವಾದ ದಾಖಲೆ ದೊರೆಯುವುದು ಮುಂಬಯಿ ಕರ್ನಾಟಕದಲ್ಲಲ್ಲ, ಮೈಸೂರು ಸಂಸ್ಥಾನದಲ್ಲಿ. 1928ರ ಜುಲೈಯಲ್ಲಿ ಬೆಂಗಳೂರಿನ ಸುಲ್ತಾನಪೇಟೆಯ ಸರ್ಕಾರಿ ಶಾಲೆಯ ಆವರಣದಲ್ಲಿದ್ದ ಗಣಪತಿ ವಿಗ್ರಹದ ವಿಚಾರವಾಗಿ ಎದ್ದ ವಿವಾದವು ‘ಬೆಂಗಳೂರಿನ ಗಣಪತಿ ಗಲಭೆ’ ಎಂದೇ ಹೆಸರಾಯಿತು. ವಿಗ್ರಹ ಅಲ್ಲಿರುವುದಕ್ಕಿಂತ ಹೆಚ್ಚಾಗಿ, ಅದಕ್ಕೆ ಎದ್ದು ಕಾಣುವ ಮಂಟಪವೊಂದು ಬರಬೇಕೇ ಎಂಬುದು ವಿವಾದದ ತಿರುಳಾಗಿತ್ತು. ಒಂದು ಮೂಲೆಯಲ್ಲಿ ಪೂಜೆಗೊಳ್ಳುತ್ತಿದ್ದ ಮೂರ್ತಿಯನ್ನು ಯಾರೂ ಪ್ರಶ್ನಿಸದಿರಬಹುದು; ಕಟ್ಟಡವಾಗಿ ಮೇಲೆದ್ದಾಗ ಅದು ಹಕ್ಕಿನ ಘೋಷಣೆಯಾಗಿ ತೋರುತ್ತದೆ. ಮುಸ್ಲಿಮರು ಗಣನೀಯ ಸಂಖ್ಯೆಯಲ್ಲಿ ನೆಲೆಸಿದ್ದ ಪೇಟೆಯದು. ವಿದ್ಯಾರ್ಥಿಗಳು ಬೀದಿಗಿಳಿದರು, ಬಂಧನಗಳಾದವು, ಗಲಭೆಯಾಯಿತು. ಆಗ ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದುದರಿಂದ ಓಣಿಯ ಜಗಳವು ಸಂಸ್ಥಾನದ ಆಡಳಿತದ ಮೇಲಣ ಆರೋಪವಾಗಿ ಬೆಳೆಯಲು ಹೆಚ್ಚು ಕಾಲ ಹಿಡಿಯಲಿಲ್ಲ. ಒಂದು ದಶಕದ ಹಿಂದೆ ದಿವಾನಗಿರಿಯನ್ನು ಬಿಟ್ಟಿದ್ದ ಸರ್ ಎಂ. ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿಯನ್ನು ನೇಮಿಸಲಾಯಿತು. ಶಾಲೆಯೊಂದರ ಅಂಗಳದ ಮಂಟಪಕ್ಕಾಗಿ ಸಂಸ್ಥಾನದ ಅತ್ಯಂತ ಗಣ್ಯ ಆಡಳಿತಗಾರನನ್ನು ಕರೆತರಬೇಕಾಯಿತೆಂಬುದೇ, ಸ್ಥಳೀಯವಾಗಿ ಮಾತನಾಡಿ ಮುಗಿಸಬಹುದಾದುದನ್ನು ಮುಗಿಸುವ ವ್ಯವಸ್ಥೆ ಎಷ್ಟು ದುರ್ಬಲವಾಗಿತ್ತೆಂಬುದನ್ನು ತೋರಿಸುತ್ತದೆ. ಮೈಸೂರಿನ ರಾಜಕೀಯ ಚರಿತ್ರೆಕಾರರು ಈ ಘಟನೆಯನ್ನು ಜವಾಬ್ದಾರಿ ಸರ್ಕಾರದ ಬೇಡಿಕೆಗೆ ಪೀಠಿಕೆಯೆಂದು ಓದಿದ್ದಾರೆ. ಅದರೊಳಗಿನ ನೆರೆಹೊರೆಯ ಎಳೆಗೆ ಅಷ್ಟು ಗಮನ ಸಂದಿಲ್ಲ.

ದೀಪದ ವಿಷಯಕ್ಕೆ ಬಂದರೆ, ಸುಲ್ತಾನಪೇಟೆಯಿಂದ ಹೆಚ್ಚು ದೂರವಿಲ್ಲದ, ಈಗಿನ ಕೃಷ್ಣರಾಜ ಮಾರುಕಟ್ಟೆಯ ಆಸುಪಾಸಿನಲ್ಲಿ 1905ರ ಆಗಸ್ಟ್ 5ರಂದು ಬೆಂಗಳೂರಿನ ಮೊದಲ ವಿದ್ಯುತ್ ಬೀದಿದೀಪಗಳು ಹೊತ್ತಿಕೊಂಡವು. 1902ರಿಂದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯುತ್ತಿದ್ದ ಶಿವನಸಮುದ್ರದ ವಿದ್ಯುತ್ತೇ ಅದಕ್ಕೆ ಮೂಲ. ಅದಕ್ಕೂ ಮೊದಲಿನ ಉತ್ಸವದ ಬೆಳಕು ದೀವಟಿಗೆಯದು, ಪಂಜಿನದು. ಬಳಿಕ ಗ್ಯಾಸ್ ಲೈಟಿನದು. ಎಣ್ಣೆ ತೀರಿದೊಡನೆ ಅದು ಆರುತ್ತಿತ್ತು. ಉತ್ಸವದ ಅವಧಿಯನ್ನು ಎಣ್ಣೆಯ ಖರ್ಚೇ ನಿಗದಿಪಡಿಸುತ್ತಿತ್ತೆಂದರೆ ಅತಿಶಯೋಕ್ತಿಯಾಗದು. ವಿದ್ಯುತ್ತು ಬಂದ ಮೇಲೆ ಈ ಮಿತಿ ಹೋಯಿತು. ರಾತ್ರಿಯಿಡೀ ಉರಿಯುವ ಸರಮಾಲೆ, ಮಿಣುಕುವ ತೋರಣ, ದೇವರ ತಲೆಯ ಹಿಂದೆ ತಿರುಗುವ ಪ್ರಭಾವಳಿ ಇವೆಲ್ಲ ಸಾಧ್ಯವಾದವು. ಎದುರು ಮನೆಯ ಕಿಟಕಿಗೆ ಪರದೆ ಬೇಕಾಯಿತು.

ಇಲ್ಲಿ ಗಮನಿಸಬೇಕಾದ ವೈಪರೀತ್ಯವೊಂದಿದೆ. ಸದ್ದಿಗೆ ಕಾನೂನಿನಲ್ಲಿ ಅಳತೆಯುಂಟು. ಕೇಂದ್ರ ಸರ್ಕಾರದ 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್‌ಗಳ ಮಿತಿಯನ್ನು ಹಾಕಿದವು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕವನ್ನು ನಿಷೇಧಿಸಿದವು. 2002ರ ತಿದ್ದುಪಡಿಯಂತೆ ಸಾಂಸ್ಕೃತಿಕ ಹಾಗೂ ಧಾರ್ಮಿಕ ಉತ್ಸವಗಳಿಗಾಗಿ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿಯವರೆಗೆ ಸಡಿಲಿಕೆ ನೀಡುವ ಅಧಿಕಾರ ರಾಜ್ಯಗಳಿಗೆ ದೊರೆಯಿತು. 2005ರ ಜುಲೈ 18ರಂದು ಸರ್ವೋಚ್ಚ ನ್ಯಾಯಾಲಯವು ರಾತ್ರಿಯ ನಿರ್ಬಂಧವನ್ನು ಬಲಪಡಿಸಿತು. ಬೆಳಕಿಗೆ ಇಂಥ ಅಳತೆಯಿಲ್ಲ. ಕಂಬದ ತಂತಿಗೆ ಕೊಂಡಿ ಹಾಕಿದರೆ 2003ರ ವಿದ್ಯುಚ್ಛಕ್ತಿ ಕಾಯಿದೆಯಡಿ ಅದು ಕಳವು. ರಸ್ತೆಗೆ ಕಂಬ ನೆಟ್ಟರೆ ಅತಿಕ್ರಮಣ. ಬೆಳಕೇ ಕಣ್ಣಿಗೆ ಚುಚ್ಚುತ್ತದೆಂದು ದೂರುವವನಿಗೆ ಮಾತ್ರ ನೇರವಾದ ಕಲಮು ಸಿಗುವುದಿಲ್ಲ. 2024ರಲ್ಲಿ ಉತ್ಸವದ ಮೆರವಣಿಗೆಗಳ ಲೇಸರ್ ಕಿರಣಗಳ ವಿರುದ್ಧದ ಅರ್ಜಿಯು ಮುಂಬಯಿ ಉಚ್ಚ ನ್ಯಾಯಾಲಯದ ಮುಂದೆ ಬಂದಾಗ ಈ ಕೊರತೆಯೇ ಮತ್ತೆ ಕಣ್ಣಿಗೆ ಬಿದ್ದಿತು. ಆದುದರಿಂದ ಬೆಳಕಿನ ತಕರಾರು ಬೇರೆ ವೇಷದಲ್ಲಿ ದಾಖಲೆಯನ್ನು ಸೇರುತ್ತದೆ: ಸದ್ದಿನ ದೂರಾಗಿ, ಜಾಗದ ದೂರಾಗಿ, ಕೆಲವೊಮ್ಮೆ ಕೋಮಿನ ದೂರಾಗಿ. ಸಂಶೋಧಕನು ಠಾಣೆಯ ಕಡತವನ್ನು ಓದುವಾಗ ಇದನ್ನು ನೆನಪಿನಲ್ಲಿಡುವುದು ಒಳಿತು.

ಜಾಗದ ತಕರಾರಿಗೆ ಹುಬ್ಬಳ್ಳಿಯ ಈದ್ಗಾ ಮೈದಾನವೇ ಸಾಕ್ಷಿ. 1921ರಲ್ಲಿ ಪುರಸಭೆಯು ಅಂಜುಮನ್-ಎ-ಇಸ್ಲಾಂ ಸಂಸ್ಥೆಗೆ 999 ವರ್ಷಗಳ ಅವಧಿಗೆ ನೀಡಿದ ಗುತ್ತಿಗೆಯಿಂದ ಮೊದಲಾದ ಈ ವ್ಯಾಜ್ಯ, 1994ರ ಆಗಸ್ಟ್ 15ರ ಧ್ವಜಾರೋಹಣದ ಯತ್ನ ಮತ್ತು ಗೋಲಿಬಾರಿನಲ್ಲಿ ಜೀವಗಳನ್ನು ಬಲಿ ತೆಗೆದುಕೊಂಡಿತು. 2010ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಮೈದಾನದ ಒಡೆತನ ಮಹಾನಗರಪಾಲಿಕೆಯದೆಂದೂ, ಅಂಜುಮನ್‌ಗೆ ವರ್ಷಕ್ಕೆ ಎರಡು ಬಾರಿ ಪ್ರಾರ್ಥನೆಯ ಅವಕಾಶವೆಂದೂ ತೀರ್ಮಾನವಾಯಿತು. 2022ರ ಆಗಸ್ಟ್ 30ರಂದು ಒಂದೇ ದಿನ ಎರಡು ಆದೇಶಗಳು ಹೊರಟವು. ಬೆಂಗಳೂರಿನ ಚಾಮರಾಜಪೇಟೆಯ ಮೈದಾನದಲ್ಲಿ ಯಥಾಸ್ಥಿತಿ ಕಾಯುವಂತೆ ಸರ್ವೋಚ್ಚ ನ್ಯಾಯಾಲಯ ಹೇಳಿತು. ಹುಬ್ಬಳ್ಳಿಯ ಮೈದಾನದಲ್ಲಿ ಮೂರು ದಿನಗಳ ಗಣೇಶೋತ್ಸವಕ್ಕೆ ಪಾಲಿಕೆ ಕೊಟ್ಟ ಅನುಮತಿಯನ್ನು ಉಚ್ಚ ನ್ಯಾಯಾಲಯ ರಾತ್ರಿಯ ವಿಚಾರಣೆಯ ನಂತರ ಎತ್ತಿಹಿಡಿಯಿತು. ಒಡೆತನ ಯಾರದೆಂಬುದರ ಮೇಲೆ ನಿಂತ ಈ ಎರಡು ಉತ್ತರಗಳಲ್ಲಿ ಮೈದಾನದ ಸುತ್ತ ವಾಸಿಸುವವರಿಗೆ ನುಡಿಯಲು ಸ್ಥಾನ ಕಡಿಮೆ.

ಕುಂಬಾರವಾಡದ ಸೀಮೆಗೆ ಬೆಳಕು ಬಂದ ಬಗೆ ಇವೆಲ್ಲಕ್ಕಿಂತ ಬೇರೆ. 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ಹಳೆಯ ಸೂಪಾ ಪೇಟೆಯನ್ನೇ ಮುಳುಗಿಸಿತು. ತಾಲ್ಲೂಕಿನ ಕಚೇರಿಗಳು ಜೋಯಿಡಾಕ್ಕೆ ಬಂದವು. ಕಾಳಿಯ ನೀರಿನಿಂದ ಹುಟ್ಟಿದ ವಿದ್ಯುತ್ತು ರಾಜ್ಯದ ದೂರದ ನಗರಗಳ ಮಂಟಪಗಳನ್ನು ಬೆಳಗಿತು. ಅದೇ ನದಿಯ ದಂಡೆಯ ಅನೇಕ ಮಜರೆಗಳಿಗೆ ತಂತಿ ಬಹಳ ತಡವಾಗಿ ತಲುಪಿತು. ಕಾಡಿನೊಳಗೆ ಕಂಬ ನೆಡಲು 1980ರ ಅರಣ್ಯ ಸಂರಕ್ಷಣಾ ಕಾಯಿದೆಯ ಒಪ್ಪಿಗೆ ಬೇಕಾಗುತ್ತಿತ್ತು. 2007ರಲ್ಲಿ ದಾಂಡೇಲಿ-ಅಣಶಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾಗಿ 2015ರಲ್ಲಿ ಕಾಳಿಯ ಹೆಸರನ್ನು ಪಡೆದ ಪ್ರದೇಶದಲ್ಲಿ ಕುಂಬಾರವಾಡವು ಒಂದು ವಲಯದ ಹೆಸರೂ ಹೌದು. ಇಲ್ಲಿ ರಾತ್ರಿಯ ಬೆಳಕಿನ ನೆರೆಯವರ ಲೆಕ್ಕದಲ್ಲಿ ಮನುಷ್ಯರೊಡನೆ ಕಾಡುಪ್ರಾಣಿಗಳೂ ಸೇರುತ್ತವೆ.