ಪುದುಕೋಟ್ಟೈ ಹೆಂಗಸರು ಸೈಕಲ್ ಹತ್ತಿದ ಕಾಲ

ನಾನು ರೇಸಿಗೆ ಹೋಗುವವನಲ್ಲ. ಬೆಳಿಗ್ಗೆ ಎದ್ದು ನಮ್ಮೂರಿಂದ ಹೋಬಳಿವರೆಗೆ ಸೈಕಲ್ ತುಳಿದು ಬರುವವನು, ಅಷ್ಟೇ. ಆಷಾಢದ ಎದುರುಗಾಳಿಗೆ ಸಿಕ್ಕಾಗ ಇದನ್ನು ಮೂಲೆಗೆ ಒರಗಿಸಿ ಸುಮ್ಮನಿರೋಣ ಅನ್ನಿಸುತ್ತದೆ. ಆಗ ನನಗೆ ನೆನಪಾಗುವವರು ಪದಕ ಗೆದ್ದವರಲ್ಲ. ತಮಿಳುನಾಡಿನ ಪುದುಕೋಟ್ಟೈ ಜಿಲ್ಲೆಯ ಹಳ್ಳಿ ಹೆಂಗಸರು.

ಪುದುಕೋಟ್ಟೈ ಒಣಭೂಮಿಯ ಬಡ ಜಿಲ್ಲೆ. 1991ರಲ್ಲಿ ಅಲ್ಲಿ 'ಅರಿವೊಳಿ ಇಯಕ್ಕಂ' ಎಂಬ ಸಾಕ್ಷರತಾ ಆಂದೋಲನ ನಡೆಯಿತು. ಅರಿವೊಳಿ ಅಂದರೆ ಅರಿವಿನ ಬೆಳಕು. ಅಕ್ಷರ ಕಲಿಸಲು ಊರಿಂದೂರಿಗೆ ಹೋಗಬೇಕಾದ ಕಾರ್ಯಕರ್ತೆಯರಿಗೆ ಓಡಾಟವೇ ದೊಡ್ಡ ತಲೆನೋವು. ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಆಗ ಜಿಲ್ಲಾಧಿಕಾರಿಯಾಗಿದ್ದ ಶೀಲಾ ರಾಣಿ ಚುಂಕತ್ ಅವರು ಸೈಕಲ್ ಕಲಿಕೆಯನ್ನೂ ಸಾಕ್ಷರತೆಯ ಭಾಗವಾಗಿಸಿದರು. ಸೈಕಲ್ ಕೊಳ್ಳಲು ಕಾರ್ಯಕರ್ತೆಯರಿಗೆ ಬ್ಯಾಂಕ್ ಸಾಲ ಸಿಗುವಂತೆ ನೋಡಿಕೊಂಡರು.

ಮೊದಮೊದಲು ರಸ್ತೆಯಲ್ಲಿ ಗಂಡಸರ ಚುಚ್ಚುಮಾತು, ಕೇಕೆ ಎಲ್ಲ ಇತ್ತು. ಹೆಂಗಸರು ಬಿಡಲಿಲ್ಲ. ಕಲಿತವಳು ಇನ್ನೊಬ್ಬಳಿಗೆ ಪುಕ್ಕಟೆ ಕಲಿಸಿದಳು. ಕೃಷಿ ಕೂಲಿಯವರು, ಕಲ್ಲುಕ್ವಾರಿಯಲ್ಲಿ ದುಡಿಯುವವರು, ಅಂಗನವಾಡಿಯವರು, ಶಾಲೆಯ ಟೀಚರುಗಳು ಎಲ್ಲರೂ ಕಲಿತರು. 1992ರ ಮಹಿಳಾ ದಿನದಂದು ಸುಮಾರು 1,500 ಹೆಂಗಸರು ಹ್ಯಾಂಡಲ್‌ಗೆ ಬಾವುಟ ಕಟ್ಟಿಕೊಂಡು, ಬೆಲ್ ಬಾರಿಸುತ್ತ ಪುದುಕೋಟ್ಟೈ ಪಟ್ಟಣಕ್ಕೆ ಬಂದರು. ಹದಿನೆಂಟು ತಿಂಗಳಲ್ಲಿ ಸೈಕಲ್ ಕಲಿತವರು 1 ಲಕ್ಷಕ್ಕೂ ಹೆಚ್ಚು. ಹತ್ತು ವರ್ಷದೊಳಗಿನ ಹುಡುಗಿಯರನ್ನು ಬಿಟ್ಟರೆ, ಹಳ್ಳಿಯ ಪ್ರತಿ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು!

ಇದನ್ನೆಲ್ಲ ಅಲ್ಲಿಗೇ ಹೋಗಿ ಬರೆದವರು ಪತ್ರಕರ್ತ ಪಿ. ಸಾಯಿನಾಥ್. 1996ರಲ್ಲಿ ಬಂದ ಅವರ 'ಎವರಿಬಡಿ ಲವ್ಸ್ ಎ ಗುಡ್ ಡ್ರಾಟ್' ಪುಸ್ತಕದಲ್ಲಿ ಈ ಕಥೆ ಇದೆ. ಅದರಲ್ಲಿ ನನಗೆ ಬಹಳ ಹಿಡಿಸಿದ್ದು ಒಂದು ಸಣ್ಣ ಸಂಗತಿ. ಲೇಡೀಸ್ ಸೈಕಲ್ ಸಾಕಾಗದೆ ಅನೇಕರು ಜೆಂಟ್ಸ್ ಸೈಕಲ್ಲನ್ನೇ ಹತ್ತಿದರು. ಕೆಲವರಿಗಂತೂ ಅದೇ ಹೆಚ್ಚು ಇಷ್ಟ. ಯಾಕೆ ಗೊತ್ತೇ? ಸೀಟಿನಿಂದ ಹ್ಯಾಂಡಲ್‌ವರೆಗೆ ಇರುವ ಬಾರ್ ಮೇಲೆ ಮಗುವನ್ನು ಕೂರಿಸಿಕೊಳ್ಳಬಹುದು!

ಸೈಕಲ್ ಬಂದ ಮೇಲೆ ನೀರಿನ ಕೊಡ, ಮಾರಾಟದ ಸರಕು, ಮಗು ಎಲ್ಲವೂ ಅದರ ಮೇಲೇ. ಬಸ್ ಸ್ಟಾಪಿನವರೆಗೆ ಬಿಡಲು ಅಪ್ಪನೋ ಅಣ್ಣನೋ ಗಂಡನೋ ಬರಲಿ ಅಂತ ಕಾಯುವುದು ತಪ್ಪಿತು. ಬಸ್ಸಿಗೆ ಕಾಯುತ್ತ ಕಳೆಯುತ್ತಿದ್ದ ಹೊತ್ತು ವ್ಯಾಪಾರಕ್ಕೆ ಉಳಿಯಿತು. ನಾನು ತುಳಿಯುವುದು ಖುಷಿಗೆ. ಅವರು ತುಳಿದದ್ದು ತಮ್ಮ ಹೊತ್ತು ತಮ್ಮ ಕೈಯಲ್ಲಿರಲಿ ಅಂತ.

ಹಾಗಂತ ಎಲ್ಲವೂ ಸಲೀಸಾಗಿರಲಿಲ್ಲ. 1995ರಲ್ಲಿ ಸಾಯಿನಾಥ್ ಮತ್ತೆ ಹೋದಾಗ ಸೈಕಲ್ ಹುಮ್ಮಸ್ಸು ಇಳಿದಿರಲಿಲ್ಲ, ಆದರೆ ಒಂದು ಸೈಕಲ್‌ಗೆ ಸುಮಾರು 1,400 ರೂಪಾಯಿ ಆಗಿತ್ತು. ಅಷ್ಟು ದುಡ್ಡು ಹೊಂದಿಸಲು ಬಹಳ ಹೆಂಗಸರಿಗೆ ಆಗಲಿಲ್ಲ. ಸೈಕಲ್ ತುಳಿಯಲು ಬಂದರೆ ಸಾಲದು, ತನ್ನದು ಅಂತ ಒಂದು ಸೈಕಲ್ ಬೇಕು.

ಈ ಮಾತು ನಮಗೂ ಸೇರಿದ್ದೇ. ಕರ್ನಾಟಕ ಸರ್ಕಾರ 2006-07ರಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತು. ನಮ್ಮೂರ ಹುಡುಗಿಯರು ಸಾಲಾಗಿ ಹೈಸ್ಕೂಲಿಗೆ ಹೋಗುತ್ತಿದ್ದುದು ಇನ್ನೂ ಕಣ್ಣಲ್ಲಿದೆ. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಆ ಸೈಕಲ್ ತಮ್ಮನ ಪಾಲಾಯಿತು, ಇಲ್ಲವೇ ಹಾಲಿನ ಕ್ಯಾನು ಹೊತ್ತು ಡೈರಿಗೆ ಹೋಯಿತು. ಮದುವೆಯಾದ ಮೇಲೆ ಸೈಕಲ್ ತುಳಿಯುವವರು ನಮ್ಮೂರಲ್ಲಿ ನನಗೆ ಒಬ್ಬರೂ ಕಾಣುವುದಿಲ್ಲ. ಬ್ಯಾಲೆನ್ಸ್ ಮರೆತುಹೋಗುವ ವಿದ್ಯೆಯಲ್ಲ. ಮರೆಸಿದವರು ನಾವೇ.

ಎದುರುಗಾಳಿ ಬೀಸಿದಾಗ ಬಾರ್ ಮೇಲೆ ಮಗು ಕೂರಿಸಿಕೊಂಡ ಆ ತಾಯಂದಿರು ನೆನಪಾಗುತ್ತಾರೆ. ಇನ್ನೂ ಸ್ವಲ್ಪ ದೂರ ತುಳಿಯುತ್ತೇನೆ.

ನಿಮ್ಮ ಮನೆಯಲ್ಲೂ ಅಂಥದ್ದೊಂದು ಸೈಕಲ್ ಇರಬಹುದು. ಹೊರಗೆ ತೆಗೆಯಿರಿ, ಗಾಳಿ ಹೊಡೆಸಿ. ಅದು ಯಾರಿಗೆ ಅಂತ ಬಂದಿತ್ತೋ ಅವರ ಕೈಗೇ ಕೊಡಿ.